ಆಟದ ಪೀರಿಯಡಿಗೆ ಯಾವ ಅಳತೆಗೋಲು?

ಅರ್ಧವಾರ್ಷಿಕ ಪರೀಕ್ಷೆ ಮುಗಿದು ಪ್ರಗತಿ ಪತ್ರ ಮನೆಗೆ ಬಂತೆಂದರೆ ಹೆತ್ತವರ ಕಣ್ಣು ಮೊದಲು ಹೋಗುವುದು ಗಣಿತದ ಕಡೆಗೆ. ಅಲ್ಲಿಂದ ವಿಜ್ಞಾನಕ್ಕೆ, ಆಮೇಲೆ ಇಂಗ್ಲಿಷಿಗೆ. ಸಮಾಜಕ್ಕೆ ಬರುವಷ್ಟರಲ್ಲಿ ಅರ್ಧ ಕುತೂಹಲ ತಣಿದಿರುತ್ತದೆ. ಹಾಳೆಯ ಕೆಳತುದಿಯಲ್ಲಿ ‘ದೈಹಿಕ ಶಿಕ್ಷಣ’ ಎಂದು ಬರೆದು ಅದರ ಎದುರು ಒಂದೇ ಒಂದು ಅಕ್ಷರ ಇರುತ್ತದೆ. ಅದು ‘ಎ’ ಆದರೂ ಸರಿ, ‘ಬಿ’ ಆದರೂ ಸರಿ, ಸಹಿ ಹಾಕುವ ಪೆನ್ನು ಅಲ್ಲಿ ನಿಲ್ಲುವುದಿಲ್ಲ.

ಎಲ್ಲೋ ಅಪರೂಪಕ್ಕೆ ಒಬ್ಬ ತಾಯಿ ಪೋಷಕರ ಸಭೆಯಲ್ಲಿ ಎದ್ದು, “ಮಾಸ್ಟ್ರೇ, ಇವಳು ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಆಟದಲ್ಲಿ ‘ಬಿ’ ಯಾಕೆ ಕೊಟ್ಟದ್ದು?” ಎಂದು ಕೇಳಿದರೆನ್ನಿ. ಸಭೆಯಲ್ಲಿ ಸಣ್ಣ ನಗು ಏಳುತ್ತದೆ. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ‘ಬಿ’ ಯಾಕೆ? ಅಷ್ಟೇ ಏಕೆ, ಪಕ್ಕದ ಮನೆಯ ಹುಡುಗನಿಗೆ ‘ಎ’ ಯಾಕೆ? ಗಣಿತದ ಉತ್ತರ ಪತ್ರಿಕೆಯನ್ನು ತೆರೆದು ತೋರಿಸಬಹುದು, ತಪ್ಪಿದ ಲೆಕ್ಕಕ್ಕೆ ಕೆಂಪು ಶಾಯಿಯ ಗುರುತಿರುತ್ತದೆ. ಆಟದ ಪೀರಿಯಡಿನ ಉತ್ತರ ಪತ್ರಿಕೆ ಎಲ್ಲಿದೆ?

ಹೆಚ್ಚಿನ ಶಾಲೆಗಳಲ್ಲಿ ಅದು ಇಲ್ಲ. ಶಾಲೆಯ ತಂಡದಲ್ಲಿ ಆಡುವವರಿಗೆ ಎಲ್ಲಕ್ಕಿಂತ ಮೇಲಿನ ಶ್ರೇಣಿ, ಸಮವಸ್ತ್ರ ಹಾಕಿ ಸಾಲಿನಲ್ಲಿ ಸರಿಯಾಗಿ ನಿಂತವರಿಗೆ ಅದರ ಕೆಳಗಿನದು, ಮೂಲೆಯಲ್ಲಿ ಕುಳಿತವರಿಗೆ ಇನ್ನೊಂದು. ತಿಂಗಳ ಕೊನೆಯಲ್ಲಿ ಇನ್ನೂರು ಮುನ್ನೂರು ಹೆಸರುಗಳ ಎದುರು ಒಂದೇ ಕೂತಲ್ಲಿ ಅಕ್ಷರ ತುಂಬಿಸಬೇಕಾದ ದೈಹಿಕ ಶಿಕ್ಷಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಒಂದೇ ಶಾಲೆಗೆ ಒಬ್ಬರೇ ಇರುತ್ತಾರೆ. ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ, ಕನ್ನಡ ಟೀಚರೋ ಹಿಂದಿ ಟೀಚರೋ ವಿಶಲ್ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದಿತು. 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಾದರೂ ಇರಬೇಕೆಂದಿತು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂಬ ಮಾತು ಶಾಲೆಗಳಲ್ಲಿ ಬಳಕೆಗೆ ಬಂದದ್ದೂ ಆ ಕಾಯ್ದೆಯ ಬೆನ್ನಿಗೆ. ರೂಪಣಾತ್ಮಕ, ಸಂಕಲನಾತ್ಮಕ ಎಂಬ ನಾಲಿಗೆ ಹೊರಳದ ಪದಗಳು ಮಕ್ಕಳ ಬಾಯಲ್ಲೂ ಓಡಾಡಿದವು. ಆದರೆ ಎಸ್ಸೆಸ್ಸೆಲ್ಸಿಯ 625 ಅಂಕಗಳ ಲೆಕ್ಕಕ್ಕೆ ದೈಹಿಕ ಶಿಕ್ಷಣ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ್ದನ್ನು ಯಾರೂ ಸರಿಯಾಗಿ ಅಳೆಯುವುದಿಲ್ಲ. ಹತ್ತನೇ ತರಗತಿಯಲ್ಲಂತೂ ಆಟದ ಪೀರಿಯಡ್ ‘ಪೋರ್ಷನ್ ಮುಗಿದಿಲ್ಲ’ ಎಂಬ ಕಾರಣಕ್ಕೆ ಗಣಿತದ ಪಾಲಿಗೋ ವಿಜ್ಞಾನದ ಪಾಲಿಗೋ ಹೋಗುತ್ತದೆ. ಹಾಗೆ ಸಾಲ ಪಡೆದ ಪೀರಿಯಡನ್ನು ಹಿಂದಿರುಗಿಸಿದ ವಿಜ್ಞಾನ ಶಿಕ್ಷಕರು ಎಲ್ಲಾದರೂ ಇದ್ದರೆ ಅವರಿಗೆ ಒಂದು ಶಾಲು ಹೊದೆಸಬೇಕು.

ಇರಲಿ. ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಬರೋಣ. ಅದಕ್ಕೆ ಉಜಿರೆ, ಮೂಡುಬಿದಿರೆ, ವೇಣೂರಿನ ಕಡೆಯವರೆಲ್ಲ ಬಲ್ಲ ಒಂದು ಸಂಗತಿ ನೆರವಿಗೆ ಬರುತ್ತದೆ.

2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ಸಿಂಥೆಟಿಕ್ ಟ್ರ್ಯಾಕ್ ಮೇಲೆ ದೇಶದ ಮೂಲೆಮೂಲೆಯ ಓಟಗಾರರು ಓಡಿದರು. ಕೂಟ ಮುಗಿದು ತಿಂಗಳಾಗುವುದರೊಳಗೆ, ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕೂತು ಅನುಪಾತದ ಲೆಕ್ಕ ಮಾಡಿದರು. 142.50 ಮೀಟರಿಗೆ 13.62 ಆದರೆ 100 ಮೀಟರಿಗೆ ಎಷ್ಟು? 9.55 ಸೆಕೆಂಡು! 2009ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಬರೆದ ವಿಶ್ವದಾಖಲೆ 9.58. ದೇಶವಿಡೀ ಸುದ್ದಿಯಾಯಿತು, ಕೇಂದ್ರ ಕ್ರೀಡಾ ಸಚಿವರಿಂದ ಬೆಂಗಳೂರಿನಲ್ಲಿ ಪರೀಕ್ಷಾ ಓಟಕ್ಕೆ ಕರೆಯೂ ಬಂತು. ಗೌಡರು ಹೋಗಲಿಲ್ಲ. ಬೋಲ್ಟ್ ಜತೆಗಿನ ಹೋಲಿಕೆ ಸರಿಯಲ್ಲ ಎಂಬುದು ಅವರದೇ ಮಾತಾಗಿತ್ತು. ಅದೇ ತಿಂಗಳು ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಮತ್ತೆ ಶುರುವಾಯಿತು.

ಏಳನೇ ತರಗತಿಯ ಮಗು ಕೂಡ ಮಾಡಬಲ್ಲ ಲೆಕ್ಕ ಇದು, ಉತ್ತರದಲ್ಲಿ ತಪ್ಪೂ ಇಲ್ಲ. ತಪ್ಪಿರುವುದು ಪ್ರಶ್ನೆಯಲ್ಲಿ. ಟ್ರ್ಯಾಕಿನ ಓಟಗಾರ ನಿಂತಲ್ಲಿಂದ ತನ್ನದೇ ಕಾಲಿನ ಬಲದಿಂದ ಚಿಮ್ಮಬೇಕು. ಕಂಬಳದ ಓಟಗಾರನನ್ನು ಮುಂದಕ್ಕೆ ಸೆಳೆಯಲು ಎರಡು ಕೋಣಗಳಿವೆ, ಹಿಂದಕ್ಕೆ ಎಳೆಯಲು ಮೊಣಕಾಲಿನವರೆಗಿನ ಕೆಸರಿದೆ. ಓಟ ಉದ್ದವಾದಷ್ಟೂ ಆರಂಭದಲ್ಲಿ ವೇಗ ಕೂಡಿಸಿಕೊಳ್ಳಲು ಹಿಡಿದ ಹೊತ್ತು ಸರಾಸರಿಯಲ್ಲಿ ಕರಗಿಹೋಗುತ್ತದೆ, ಆದ್ದರಿಂದ 142 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಇಳಿಸುವಂತಿಲ್ಲ. ಕಂಬಳದ ಓಟ ಕಡಿಮೆಯದ್ದು ಎಂದು ಇದರ ಅರ್ಥವಲ್ಲ. ಅದು ಬೇರೆ ಓಟ. ಒಂದು ನೆಲದ ಮೇಲೆ, ಒಂದು ಸ್ಥಿತಿಯಲ್ಲಿ ಸಿಕ್ಕ ಸಂಖ್ಯೆಯನ್ನು ಎತ್ತಿ ಇನ್ನೊಂದು ನೆಲದ ಮೇಲಿಟ್ಟರೆ ಆ ಸಂಖ್ಯೆ ಸುಳ್ಳು ಹೇಳತೊಡಗುತ್ತದೆ.

ಶಾಲೆಯ ಅಂಗಳದಲ್ಲಿ ದಿನವೂ ನಡೆಯುವುದು ಈ ತಪ್ಪೇ. ಅಲ್ಲಿ ಒಂದು ಮಗುವಿನ ದೇಹದಲ್ಲಿ ಸಿಕ್ಕ ಸಂಖ್ಯೆಯನ್ನು ಇನ್ನೊಂದು ಮಗುವಿನ ದೇಹದ ಪಕ್ಕದಲ್ಲಿಟ್ಟು ನೋಡುತ್ತಾರೆ.

ಎಂಟನೇ ತರಗತಿಯ ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಕೆಲವು ಹುಡುಗರಿಗೆ ಮೀಸೆ ಚಿಗುರಿದೆ, ಕೆಲವರು ಇನ್ನೂ ಐದನೇ ತರಗತಿಯವರಂತೆ ಕಾಣುತ್ತಾರೆ. ಹುಟ್ಟಿದ ತಾರೀಕಿನ ವ್ಯತ್ಯಾಸ ಹೆಚ್ಚೆಂದರೆ ಒಂದು ವರ್ಷ. ದೇಹ ಬಲಿತ ವ್ಯತ್ಯಾಸ ಮೂರು ನಾಲ್ಕು ವರ್ಷದಷ್ಟಿರಬಹುದು. ಹೆಣ್ಣುಮಕ್ಕಳು ಸುಮಾರು 12ನೇ ವಯಸ್ಸಿನ ಆಸುಪಾಸಿನಲ್ಲಿ, ಗಂಡುಮಕ್ಕಳು ಸುಮಾರು 14ರ ಆಸುಪಾಸಿನಲ್ಲಿ ದಿಢೀರನೆ ಎತ್ತರವಾಗುತ್ತಾರೆ. ಆ ವರ್ಷ ಎಂಟು ಹತ್ತು ಸೆಂಟಿಮೀಟರ್ ಬೆಳೆದರೂ ಆಶ್ಚರ್ಯವಿಲ್ಲ. ಮೊದಲೇ ಬೆಳೆದ ಹುಡುಗನ ಕಾಲು ಉದ್ದ, ಸ್ನಾಯು ದಪ್ಪ. ಅವನು ಅಭ್ಯಾಸ ಮಾಡದೆಯೂ ಮೊದಲು ಬರುತ್ತಾನೆ. ಅವನಿಗೆ ಕೊಟ್ಟ ‘ಎ’ ಅವನ ಪ್ರಯತ್ನಕ್ಕೆ ಕೊಟ್ಟದ್ದಲ್ಲ, ಅವನ ಬೆಳವಣಿಗೆಗೆ ಕೊಟ್ಟದ್ದು. ತಡವಾಗಿ ಬೆಳೆಯುವ ಹುಡುಗ ಅಷ್ಟರಲ್ಲಿ ‘ನನಗೆ ಆಟ ಹೇಳಿದ್ದಲ್ಲ’ ಎಂದು ತೀರ್ಮಾನಿಸಿ ಸ್ಕೋರ್ ಬರೆಯುವ ಕೆಲಸಕ್ಕೆ ಕೂತುಬಿಟ್ಟಿರುತ್ತಾನೆ. ಎರಡು ವರ್ಷದ ಬಳಿಕ ಅವನೂ ಎತ್ತರವಾಗುತ್ತಾನೆ, ಮೈದಾನಕ್ಕೆ ಮಾತ್ರ ಹಿಂದಿರುಗುವುದಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಬೆಳೆಯುವ ಭರದಲ್ಲಿ ಮೊದಲು ಉದ್ದವಾಗುವುದು ಕಾಲು, ಬೆನ್ನು ಆಮೇಲೆ. ಹಾಗಾಗಿ ಕುಳಿತು ಮುಂದಕ್ಕೆ ಬಾಗಿ ಕಾಲಿನ ಬೆರಳು ಮುಟ್ಟುವ ಪರೀಕ್ಷೆಯಲ್ಲಿ ಕಳೆದ ವರ್ಷ ಸಲೀಸಾಗಿ ಮುಟ್ಟುತ್ತಿದ್ದ ಮಗು ಈ ವರ್ಷ ಎರಡು ಸೆಂಟಿಮೀಟರ್ ಹಿಂದೆ ಉಳಿಯಬಹುದು. ಅದು ಸೋಮಾರಿತನವಲ್ಲ. ಅದನ್ನು ತಿಳಿಯಬೇಕಾದರೆ ಪಕ್ಕದಲ್ಲೇ ಎತ್ತರದ ದಾಖಲೆಯೂ ಇರಬೇಕು.

ಅಳತೆಯ ಪಟ್ಟಿಗೆ ಕೊರತೆಯೇನೂ ಇಲ್ಲ. 2019ರಲ್ಲಿ ಬಂದ ಖೇಲೋ ಇಂಡಿಯಾ ಸದೃಢತೆ ಪರೀಕ್ಷೆ ಇಡೀ ದೇಶದ ಶಾಲೆಗಳಿಗೆ ಒಂದೇ ಕ್ರಮವನ್ನು ಹೇಳಿಕೊಟ್ಟಿತು. ಮೂರನೇ ತರಗತಿಯವರೆಗಿನ ಚಿಣ್ಣರಿಗೆ ಎತ್ತರ ಮತ್ತು ತೂಕ, ಒಂಟಿಕಾಲಲ್ಲಿ ನಿಲ್ಲುವ ಸಮತೋಲನ, ಎರಡು ತಟ್ಟೆಗಳ ಮೇಲೆ ಕೈಯನ್ನು ಬೇಗಬೇಗ ಆಡಿಸುವುದು. ನಾಲ್ಕರಿಂದ ಮೇಲಿನವರಿಗೆ ಎತ್ತರ ಮತ್ತು ತೂಕದ ಜತೆಗೆ 50 ಮೀಟರ್ ಓಟ, 600 ಮೀಟರಿನ ಓಟ ಅಥವಾ ನಡಿಗೆ, ಕುಳಿತು ಮುಂದೆ ಬಾಗುವುದು, ಮಲಗಿ ಅರ್ಧ ಏಳುವುದು, ದಂಡ ಹೊಡೆಯುವುದು. ಸರಳ ಪಟ್ಟಿ, ದುಬಾರಿ ಸಾಮಾನು ಬೇಡ. ಆದರೆ ಪಟ್ಟಿ ಒಳ್ಳೆಯದಿದ್ದ ಮಾತ್ರಕ್ಕೆ ಅಳತೆ ಸರಿಯಾಗುವುದಿಲ್ಲ.

50 ಮೀಟರ್ ಓಟವನ್ನೇ ತೆಗೆದುಕೊಳ್ಳಿ. ಆರಂಭದ ಗೆರೆಯಲ್ಲಿ ಒಬ್ಬರು ವಿಶಲ್ ಊದುತ್ತಾರೆ, ಕೊನೆಯ ಗೆರೆಯಲ್ಲಿ ಇನ್ನೊಬ್ಬರು ಸ್ಟಾಪ್‌ವಾಚ್ ಒತ್ತುತ್ತಾರೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 50 ಮೀಟರ್ ದಾಟಿ ಬರಲು ಅದಕ್ಕೆ ಸುಮಾರು 0.15 ಸೆಕೆಂಡು ಬೇಕು. ಅಂದರೆ ವಾಚು ಹಿಡಿದವರಿಗೆ ವಿಶಲ್ ಕೇಳಿಸುವಷ್ಟರಲ್ಲಿ ಮಗು ಹೊರಟಾಗಿರುತ್ತದೆ. ಅದಕ್ಕೇ ವಿಶಲ್ ಜತೆಗೆ ಒಂದು ಬಣ್ಣದ ಬಟ್ಟೆಯನ್ನು ಎತ್ತಿಹಿಡಿದು ಕೆಳಗಿಳಿಸಬೇಕು, ವಾಚಿನವರು ಕಿವಿಯನ್ನಲ್ಲ, ಕಣ್ಣನ್ನು ನಂಬಬೇಕು. ಕಂಡದ್ದನ್ನು ಕೈಗೆ ತಿಳಿಸಲು ಮೆದುಳಿಗೂ ಸುಮಾರು 0.2 ಸೆಕೆಂಡು ಬೇಕಾಗುತ್ತದೆ. ಈ ಎಲ್ಲ ಕಾರಣದಿಂದ ಜೂನ್‌ನಲ್ಲಿ 8.4 ಇದ್ದದ್ದು ಫೆಬ್ರವರಿಯಲ್ಲಿ 8.2 ಆಯಿತೆಂದು ಸಂಭ್ರಮಿಸುವ ಹಾಗಿಲ್ಲ. ಆ ವ್ಯತ್ಯಾಸ ಮಗುವಿನದ್ದೋ ಹೆಬ್ಬೆರಳಿನದ್ದೋ ಹೇಳಲಾಗದು. 8.4 ಇದ್ದದ್ದು 7.8ಕ್ಕೆ ಇಳಿದರೆ ಅದು ಮಗುವಿನದ್ದೇ.

ಇನ್ನು ಜೂನ್‌ನಲ್ಲಿ ಓಡಿಸುವುದಾದರೂ ಎಲ್ಲಿ? ಪ್ರಗತಿಯನ್ನು ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಳೆಯಿರಿ ಎಂದು ಕೈಪಿಡಿಗಳು ಹೇಳುತ್ತವೆ. ಬರೆದವರು ಬೆಳ್ತಂಗಡಿ ತಾಲೂಕಿನ ಜೂನ್ ತಿಂಗಳನ್ನು ನೋಡಿದವರಲ್ಲ. ಕರಾವಳಿಗೆ ಮಳೆಗಾಲದ ನಾಲ್ಕೇ ತಿಂಗಳಲ್ಲಿ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಘಟ್ಟದ ಬುಡದ ಉಜಿರೆಯ ಕಡೆ ಕೇಳುವುದೇ ಬೇಡ. ಗುಡ್ಡ ತಟ್ಟು ಮಾಡಿ ಹೊಂದಿಸಿದ ಮುರಕಲ್ಲಿನ ಅಂಗಳದಲ್ಲಿ ಪಾಚಿ ಕಟ್ಟಿರುತ್ತದೆ, ಅದರ ಮೇಲೆ 600 ಮೀಟರ್ ಓಡಿಸಿದರೆ ಅಳತೆಗೆ ಮೊದಲು ಆಸ್ಪತ್ರೆ. ಉಜಿರೆಯ ರತ್ನವರ್ಮ ಹೆಗ್ಗಡೆ ಕ್ರೀಡಾಂಗಣದಂಥ ಜಾಗ ಎಲ್ಲ ಶಾಲೆಗೂ ಸಿಗುವಂಥದ್ದಲ್ಲ. ಆದ್ದರಿಂದ ಈ ಭಾಗದ ಶಾಲೆಗಳು ತಮ್ಮದೇ ಪಂಚಾಂಗ ಮಾಡಿಕೊಳ್ಳುವುದು ಒಳಿತು. ಬಾಗುವುದು, ಏಳುವುದು, ದಂಡ, ಒಂಟಿಕಾಲ ಸಮತೋಲನ ಇವೆಲ್ಲ ಜಗಲಿಯಲ್ಲೇ ಆಗುವಂಥವು, ಜೂನ್-ಜುಲೈಯಲ್ಲಿ ಮುಗಿಸಬಹುದು. ಓಟವನ್ನು ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಒಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ಇಡಬೇಕು. ಎರಡು ಸಲವೂ ಅದೇ ಅಂಗಳ, ಅದೇ ದಿಕ್ಕು, ಬೆಳಗ್ಗಿನ ಅದೇ ಹೊತ್ತು. ಒಮ್ಮೆ ಬೆಳಗ್ಗೆ ಒಂಬತ್ತೂವರೆಗೆ, ಇನ್ನೊಮ್ಮೆ ಫೆಬ್ರವರಿಯ ಮಧ್ಯಾಹ್ನದ ಬಿಸಿಲಿಗೆ ಓಡಿಸಿದರೆ ಕಂಬಳವನ್ನೂ ಟ್ರ್ಯಾಕನ್ನೂ ಹೋಲಿಸಿದಂತೆ ಆದೀತು.

ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಹುಡುಗ 600 ಮೀಟರನ್ನು ನವೆಂಬರಿನಲ್ಲಿ 2 ನಿಮಿಷ 10 ಸೆಕೆಂಡಿನಲ್ಲಿ ಓಡಿದ, ಫೆಬ್ರವರಿಯಲ್ಲಿ 2 ನಿಮಿಷ 8 ಸೆಕೆಂಡಿನಲ್ಲಿ. ಹುಡುಗಿಯೊಬ್ಬಳು ನವೆಂಬರಿನಲ್ಲಿ ಅರ್ಧ ಓಡಿ ಅರ್ಧ ನಡೆದು 3 ನಿಮಿಷ 40 ಸೆಕೆಂಡಿಗೆ ಮುಟ್ಟಿದಳು, ಫೆಬ್ರವರಿಯಲ್ಲಿ ನಿಲ್ಲದೆ ಓಡಿ 3 ನಿಮಿಷ 12 ಸೆಕೆಂಡಿಗೆ. ತರಗತಿಯ ಸಾಲಿನಲ್ಲಿ ಹುಡುಗ ಎರಡು ಸಲವೂ ಮೊದಲಿಗ, ಹುಡುಗಿ ಎರಡು ಸಲವೂ ಹಿಂದಿನಿಂದ ನಾಲ್ಕನೆಯವಳು. ಸ್ಥಾನ ನೋಡಿ ಅಕ್ಷರ ಬರೆಯುವವರಿಗೆ ಇಬ್ಬರಲ್ಲೂ ಏನೂ ಬದಲಾಗಿಲ್ಲ. ಪುಸ್ತಕದಲ್ಲಿ ಸೆಕೆಂಡು ಬರೆದಿಟ್ಟವರಿಗೆ ಹುಡುಗಿ 28 ಸೆಕೆಂಡು ಉಳಿಸಿದ್ದು ಕಾಣುತ್ತದೆ, ಅಂದರೆ ನೂರಕ್ಕೆ ಹದಿಮೂರರ ಹತ್ತಿರ. ಮೂರು ತಿಂಗಳಲ್ಲಿ ಆ ಹೃದಯ ಮತ್ತು ಶ್ವಾಸಕೋಶ ಕಲಿತದ್ದು ಸಣ್ಣ ಪಾಠವಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಇರುವುದು ಆ ಪುಸ್ತಕದಲ್ಲಿ. ಅದನ್ನು ತೆರೆದು ತೋರಿಸಿದರೆ ‘ಬಿ’ ಎಂಬ ಅಕ್ಷರದ ಜಗಳವೇ ಉಳಿಯುವುದಿಲ್ಲ.

ಹಾಗೆಂದು ಶೇಕಡಾ ಲೆಕ್ಕವೊಂದನ್ನೇ ಹಿಡಿದು ಹುಡುಗನಿಗೆ ಕಡಿಮೆ ಶ್ರೇಣಿ ಕೊಟ್ಟರೆ ಅದೂ ಅನ್ಯಾಯ. ಈಗಾಗಲೇ ಚೆನ್ನಾಗಿ ಓಡುವವನು ಎರಡು ಸೆಕೆಂಡು ಇಳಿಸಲು ಪಡುವ ಪಾಡು, ಓಡಿ ಗೊತ್ತಿಲ್ಲದವರು ಇಪ್ಪತ್ತು ಸೆಕೆಂಡು ಇಳಿಸಲು ಪಡುವ ಪಾಡಿಗಿಂತ ಕಡಿಮೆಯದಲ್ಲ. ಗಣಿತದಲ್ಲಿ 35ರಿಂದ 60ಕ್ಕೆ ಏರುವುದಕ್ಕೂ 95ರಿಂದ 98ಕ್ಕೆ ಏರುವುದಕ್ಕೂ ಇರುವ ವ್ಯತ್ಯಾಸ ಹೆತ್ತವರಿಗೆ ಗೊತ್ತೇ ಇದೆ. ಮಕ್ಕಳೂ ಕಡಿಮೆ ಜಾಣರಲ್ಲ. ‘ಪ್ರಗತಿಗೆ ಅಂಕ’ ಎಂಬ ಗುಟ್ಟು ಗೊತ್ತಾದರೆ ಮೊದಲ ಪರೀಕ್ಷೆಯಲ್ಲಿ ಬೇಕೆಂದೇ ಅಡಿಕೆ ತೋಟದಲ್ಲಿ ತಿರುಗಾಡಿದ ಹಾಗೆ ನಡೆದು ಬರುವವರು ಪ್ರತಿ ತರಗತಿಯಲ್ಲೂ ನಾಲ್ಕು ಜನ ಸಿಗುತ್ತಾರೆ. ಸೂತ್ರವೊಂದೇ ಸಾಲದು ಎನ್ನುವುದು ಇದಕ್ಕೆ. ಮಗುವಿನ ಉಸಿರು, ಮುಖದ ಬಣ್ಣ, ಓಟದ ಶೈಲಿ ಇವನ್ನು ಬಲ್ಲ ಶಿಕ್ಷಕರ ಕಣ್ಣು ಬೇಕು. ಪುಸ್ತಕ ಆ ಕಣ್ಣಿಗೆ ಕನ್ನಡಕವಷ್ಟೇ.

ಈ ಗೊಂದಲ ಇಲ್ಲಿನದ್ದು ಮಾತ್ರವಲ್ಲ. 1950ರ ದಶಕದಲ್ಲಿ ಅಮೆರಿಕದ ವೈದ್ಯ ಹಾನ್ಸ್ ಕ್ರೌಸ್ ಮತ್ತು ಸಂಗಡಿಗರು ಬೆನ್ನು, ಹೊಟ್ಟೆ, ಕಾಲಿನ ಸ್ನಾಯುಗಳ ಆರು ಸರಳ ಪರೀಕ್ಷೆಗಳನ್ನು ಅಮೆರಿಕದ ಹಾಗೂ ಯುರೋಪಿನ ಮಕ್ಕಳಿಗೆ ಕೊಟ್ಟು ನೋಡಿದರು. ಅಮೆರಿಕದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದಲ್ಲ ಒಂದರಲ್ಲಿ ಸೋತರು. ಯುರೋಪಿನಲ್ಲಿ ಸೋತವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ದೊಡ್ಡ ಗಲಾಟೆಯಾಯಿತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಮಕ್ಕಳ ದೇಹದಾರ್ಢ್ಯಕ್ಕೆಂದೇ ಒಂದು ಮಂಡಳಿ ಮಾಡಿದರು. 1958ರಲ್ಲಿ ದೇಶವ್ಯಾಪಿ ಪರೀಕ್ಷೆ ಬಂತು, 1966ರಿಂದ ಅಧ್ಯಕ್ಷರ ಪದಕ. ಪದಕ ಸಿಗಬೇಕಾದರೆ ಎಲ್ಲ ಪರೀಕ್ಷೆಗಳಲ್ಲೂ ನೂರರಲ್ಲಿ ಮೊದಲ ಹದಿನೈದು ಮಂದಿಯ ಮಟ್ಟದಲ್ಲಿರಬೇಕು. ಸ್ವಭಾವತಃ ಗಟ್ಟಿಮುಟ್ಟಾದ ಮಕ್ಕಳಿಗೆ ಪದಕ, ಉಳಿದವರಿಗೆ ಎಲ್ಲರೆದುರು ಸೋಲು. 1982ರಲ್ಲಿ ಅಲ್ಲೇ ಇನ್ನೊಂದು ಕ್ರಮ ಹುಟ್ಟಿತು. ವೈದ್ಯ ಕೆನೆತ್ ಕೂಪರ್ ಅವರ ಸಂಸ್ಥೆಯ ಆ ಕ್ರಮದಲ್ಲಿ ಮಗುವನ್ನು ಮಗುವಿನ ಎದುರು ನಿಲ್ಲಿಸುವುದಿಲ್ಲ. ಆ ವಯಸ್ಸಿಗೆ ಆರೋಗ್ಯಕ್ಕೆ ಎಷ್ಟು ಬೇಕೋ ಅಷ್ಟಿದೆಯೇ ಎಂದಷ್ಟೇ ನೋಡುತ್ತಾರೆ. ಹಳೆಯ ಪರೀಕ್ಷೆಯನ್ನು 2012ರಲ್ಲಿ ಕೈಬಿಡಲು ತೀರ್ಮಾನಿಸಿದರು, 2025ರ ಜುಲೈನಲ್ಲಿ ಅದನ್ನು ಮರಳಿ ತರುವ ಆದೇಶ ಹೊರಟಿತು. ಎಪ್ಪತ್ತು ವರ್ಷ ಕಳೆದರೂ ಅಲ್ಲಿನ ಚರ್ಚೆ ಮುಗಿದಿಲ್ಲ.

ಮೈದಾನದಲ್ಲಿ ಸೆಕೆಂಡಿಗೂ ಸೆಂಟಿಮೀಟರಿಗೂ ಸಿಗದ ಪ್ರಗತಿಯೂ ಇದೆ. ಉಜಿರೆಯ ಮಕ್ಕಳಿಗೆ ವಾಲಿಬಾಲ್ ಎಂದರೆ ಒಂದು ಹಿಡಿ ಹೆಚ್ಚು ಅಕ್ಕರೆ. ಕೆಳಗೈ ಸರ್ವೀಸನ್ನು ಹತ್ತು ಸಲ ಮಾಡಿಸಿ. ಜುಲೈಯಲ್ಲಿ ಎರಡು ಚೆಂಡು ಬಲೆ ದಾಟಿತ್ತು, ಜನವರಿಯಲ್ಲಿ ಏಳು ದಾಟಿತು. ಎಷ್ಟು ದಾಟಿತು ಎಂಬುದರ ಜತೆಗೆ ಹೇಗೆ ದಾಟಿತು ಎಂಬುದನ್ನೂ ಬರೆಯಬಹುದು: ಕಣ್ಣು ಚೆಂಡಿನ ಮೇಲಿತ್ತೇ, ಎದುರು ಕಾಲು ಮುಂದಿತ್ತೇ, ಹೊಡೆದ ಮೇಲೆ ಕೈ ಗುರಿಯ ಕಡೆ ಹೋಯಿತೇ. ಇದಕ್ಕೆ ಶಿಕ್ಷಕರೊಬ್ಬರೇ ಬೇಕೆಂದಿಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿದರೆ ಒಬ್ಬ ಆಡುತ್ತಾನೆ, ಇನ್ನೊಬ್ಬ ನೋಡಿ ಬರೆಯುತ್ತಾನೆ. ಗೆಳೆಯನ ತಪ್ಪನ್ನು ಹುಡುಕುವ ಹುಡುಗ ತನ್ನ ತಪ್ಪನ್ನೂ ಕಾಣಲು ಕಲಿಯುತ್ತಾನೆ. ಔಟಾದಾಗ ಅಂಪೈರಿನ ಮಾತನ್ನು ಒಪ್ಪಿ ಹೊರಗೆ ಬರುವುದು, ಚೆಂಡು ಹಿಡಿಯಲಾಗದವನಿಗೂ ಚೆಂಡು ಪಾಸ್ ಮಾಡುವುದು, ಆಟ ಮುಗಿದ ಮೇಲೆ ಬಲೆ ಬಿಚ್ಚಿ ಮಡಚಿಡುವುದು, ಇವೂ ವರ್ಷದ ಕೊನೆಗೆ ಹೆಚ್ಚಾಗಿರಬೇಕು. ಇವನ್ನು ಅಂಕದಲ್ಲಿ ಬರೆಯಹೊರಟರೆ ನಗೆಪಾಟಲಾಗುತ್ತದೆ. ಒಂದು ವಾಕ್ಯದಲ್ಲಿ ಬರೆದರೆ ಸಾಕು.

ಅಳತೆ ನೋವು ಮಾಡುವ ಒಂದು ಜಾಗವಿದೆ. ತೂಕದ ಯಂತ್ರವನ್ನು ತರಗತಿಯ ನಡುವೆ ಇಡುತ್ತಾರೆ, ಲೀಡರ್ ಒಬ್ಬ ಪಕ್ಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ “ಅರವತ್ತೆರಡು!” ಎಂದು ಕೂಗುತ್ತಾನೆ. ಆ ಸಂಖ್ಯೆ ಆ ಮಗುವಿಗೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅಡ್ಡ ಹೆಸರಾಗುತ್ತದೆ. ಇಪ್ಪತ್ತೆಂಟು ಕಿಲೋ ತೂಗುವವನಿಗೂ ಅದೇ ಗತಿ. ತೂಕವನ್ನು ಒಬ್ಬೊಬ್ಬರನ್ನೇ ಆಫೀಸು ಕೋಣೆಗೆ ಕರೆದು, ಚಪ್ಪಲಿ ಕಳಚಿಸಿ ನೋಡಬೇಕು, ಶಿಕ್ಷಕರೇ ಬರೆದುಕೊಳ್ಳಬೇಕು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ದೇಹ ದ್ರವ್ಯರಾಶಿ ಸೂಚ್ಯಂಕ ಎನ್ನುತ್ತಾರೆ. 42 ಕಿಲೋ ತೂಕದ, 1.5 ಮೀಟರ್ ಎತ್ತರದ ಮಗುವಿಗೆ ಅದು 18.7 ಆಗುತ್ತದೆ. ದೊಡ್ಡವರಿಗೆ ಹೇಳುವ 18.5, 25 ಎಂಬ ಗಡಿಗಳನ್ನು ಮಕ್ಕಳಿಗೆ ಹಾಕಬಾರದು. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆಯೇ ಕೋಷ್ಟಕಗಳಿವೆ. ಈ ಸಂಖ್ಯೆಗೆ ಶ್ರೇಣಿ ಕೊಡುವುದಂತೂ ಕೂಡದು. ತೂಕ ಕಲಿಕೆಯಲ್ಲ.

ಹೆತ್ತವರ ಪಾಲಿಗೂ ಒಂದು ಕೆಲಸವಿದೆ. ಮಗುವಿಗೆ ಉಬ್ಬಸವೋ ಹೃದಯದ ತೊಂದರೆಯೋ ಹಿಂದೆ ಆದ ಮೂಳೆಮುರಿತವೋ ಇದ್ದರೆ ಓಟದ ದಿನಕ್ಕೆ ಮೊದಲೇ ಶಿಕ್ಷಕರಿಗೆ ತಿಳಿಸಬೇಕು. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಶಾಲೆಗೆ ಬಂದಾಗ ಬರೆದುಕೊಟ್ಟ ಚೀಟಿಯನ್ನು ಪುಸ್ತಕದ ಎಡೆಯಲ್ಲಿ ಮರೆಯದೆ ಶಾಲೆಗೆ ಮುಟ್ಟಿಸಬೇಕು. ತಿಂಗಳ ಆ ದಿನಗಳಲ್ಲಿ ಹೊಟ್ಟೆನೋವಿರುವ ಹುಡುಗಿ ಹಾಗೆಂದು ಎಲ್ಲರೆದುರು ಹೇಳಬೇಕಾಗಿ ಬರಬಾರದು. “ಇನ್ನೊಂದು ದಿನ ಓಡುತ್ತೇನೆ ಸರ್” ಎಂದರೆ ಸಾಕು ಎಂಬ ನಿಯಮ ಶಾಲೆಯಲ್ಲಿರಬೇಕು. ಪ್ರಗತಿ ಅಳೆಯುವ ಓಟಕ್ಕೆ ಮುಹೂರ್ತವೇನೂ ಇಲ್ಲ, ಒಂದು ವಾರ ತಡವಾದರೆ ನಷ್ಟವಿಲ್ಲ.

ಇನ್ನೊಂದು ಲೆಕ್ಕವನ್ನೂ ಮನೆಯಲ್ಲಿ ಮಾಡಿ ನೋಡಬಹುದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದಷ್ಟಾದರೂ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ 420 ನಿಮಿಷ. ಶಾಲೆಯಲ್ಲಿ ನಲವತ್ತು ನಿಮಿಷದ ಎರಡು ಪೀರಿಯಡ್ ಸಿಕ್ಕಿತೆಂದರೂ 80 ನಿಮಿಷ, ಅದರಲ್ಲಿ ಸಾಲು ಕಟ್ಟುವುದಕ್ಕೆ ಹತ್ತು ಹೋಯಿತು. ಉಳಿದ 350 ನಿಮಿಷ ಎಲ್ಲಿಂದ ಬರಬೇಕು? ಹಿಂದೆ ಗದ್ದೆಯ ಬದುವಿನಲ್ಲಿ ನಡೆದು ಶಾಲೆಗೆ ಹೋಗುವಾಗ, ಸಂಜೆ ಕುಟ್ಟಿದೊಣ್ಣೆ, ಲಗೋರಿ ಆಡುವಾಗ ಅದು ತಾನಾಗಿಯೇ ಬರುತ್ತಿತ್ತು. ಶಾಲೆಯ ವ್ಯಾನು ಮನೆಯ ಗೇಟಿನವರೆಗೆ ಬಂದ ಮೇಲೆ ಅದನ್ನು ಹುಡುಕಿ ತರಬೇಕಾಗಿದೆ. ಮನೆಗೆ ಬಂದ ಕೂಡಲೇ ಟ್ಯೂಷನ್, ರಾತ್ರಿ ಮೊಬೈಲು ಎಂದಾದರೆ ದೈಹಿಕ ಶಿಕ್ಷಕರು ಏನು ತಾನೇ ಅಳೆಯಬೇಕು?

ವಿದ್ಯಾರ್ಥಿಗಳು ಶಾಲೆಯ ಅಳತೆಗೆ ಕಾಯದೆ ತಾವೇ ಒಂದು ಪುಸ್ತಕ ಇಟ್ಟುಕೊಳ್ಳಬಹುದು. ಎತ್ತರಕ್ಕೆ ಬಾಗಿಲ ದಾರಂದದ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಕು. ಮಳೆಗಾಲಕ್ಕೆ ಒಂದು ಒಳ್ಳೆಯ ಪ್ರಯೋಗವಿದೆ. 1943ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಯುವಕರಿಗಾಗಿ ರೂಪಿಸಿದ ಮೆಟ್ಟಿಲು ಪರೀಕ್ಷೆಯ ಮರಿ ಇದು. ಸುಮಾರು ಒಂದಡಿ ಎತ್ತರದ, ಜಾರದ ಒಂದು ಮೆಟ್ಟಿಲು ಸಾಕು. ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಮಣಿಕಟ್ಟಿನಲ್ಲಿ ನಾಡಿ ಹಿಡಿದು ಅರ್ಧ ನಿಮಿಷದ ಬಡಿತ ಎಣಿಸಿ, ಎರಡರಿಂದ ಗುಣಿಸಿ ಬರೆಯಿರಿ. ಆಮೇಲೆ ಎರಡೂವರೆ ಸೆಕೆಂಡಿಗೊಮ್ಮೆ ಪೂರ್ತಿ ಹತ್ತಿ ಇಳಿಯುವ ಹಾಗೆ ಮೂರು ನಿಮಿಷ ಮಾಡಿ. ಗಡಿಯಾರ ನೋಡಿ ತಾಳ ಹಾಕಲು ತಮ್ಮನನ್ನೋ ತಂಗಿಯನ್ನೋ ಕೂರಿಸಿದರಾಯಿತು. ತಲೆ ತಿರುಗಿದರೆ ತಕ್ಷಣ ನಿಲ್ಲಿಸಬೇಕು. ಮುಗಿದ ಕೂಡಲೇ ಕುಳಿತು ಸರಿಯಾಗಿ ಒಂದು ನಿಮಿಷ ಕಾದು ಮತ್ತೆ ಅರ್ಧ ನಿಮಿಷ ನಾಡಿ ಎಣಿಸಿ. ಅಭ್ಯಾಸವಿರುವ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಬೇಗನೆ ಮೊದಲಿನ ಲಯಕ್ಕೆ ಇಳಿಯುತ್ತದೆ. ತಿಂಗಳಿಗೊಂದು ಸಲ, ಅದೇ ಮೆಟ್ಟಿಲು, ಅದೇ ಹೊತ್ತು, ಊಟವಾಗಿ ಎರಡು ಗಂಟೆ ಕಳೆದ ಮೇಲೆ. ಜೂನ್‌ನಲ್ಲಿ ಬರೆದ ಸಂಖ್ಯೆಯ ಕೆಳಗೆ ಜುಲೈಯದ್ದು, ಆಗಸ್ಟಿನದ್ದು. ಅಣ್ಣನ ಪುಸ್ತಕದಲ್ಲಿ ಎಷ್ಟಿದೆ ಎಂದು ಇಣುಕುವುದು ಬೇಡ.